ಲೈನ್ ಕರೆಂಟಿಲ್ಲದ ಕಾಡಂಚಿನ ಮನೆ: ಮಲೆನಾಡಲ್ಲಿ ನೆಲೆ ನಿಲ್ಲೋಕೆ ಯಾವುದು ಮೊದಲು, ಯಾವುದು ಆಮೇಲೆ

ಜನವರಿ ತಿಂಗಳಲ್ಲಿ ಮೂಡಿಗೆರೆ, ಕಳಸ, ಸಕಲೇಶಪುರ ಕಡೆ ಬಂದು ಜಾಗ ನೋಡಿ ಅಡ್ವಾನ್ಸ್ ಕೊಟ್ಟು ಹೋಗೋರು ಈಗೀಗ ಜಾಸ್ತಿ ಆಗಿದಾರೆ. ಆ ಟೈಮಲ್ಲಿ ಬೆಳಗ್ಗೆ ಮಂಜು, ಮಧ್ಯಾಹ್ನ ಹದವಾದ ಬಿಸಿಲು, ಹಳ್ಳದಲ್ಲಿ ತಿಳಿ ನೀರು, ಜೀಪು ಸೀದಾ ಅಂಗಳಕ್ಕೇ ಹೋಗುತ್ತೆ, ಯಾರಿಗೆ ತಾನೇ ಇಲ್ಲೇ ಇದ್ದುಬಿಡೋಣ ಅನ್ಸಲ್ಲ ಹೇಳಿ. ಆದ್ರೆ ಅದೇ ಜಾಗ ಜುಲೈ ಕೊನೇಲಿ ಬೇರೇನೇ ಇರುತ್ತೆ. ಪುಷ್ಯ, ಆಶ್ಲೇಷಾ ಮಳೆ ಹಿಡಿದ್ರೆ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ, ಹಳ್ಳ ದಾಟೋಕಾಗಲ್ಲ, ಫೋನಲ್ಲಿ ಸಿಗ್ನಲ್ ಇರಲ್ಲ, ಬಟ್ಟೆ ಒಣಗಲ್ಲ, ಗೋಡೆ ಮೇಲೆ ಬೂಷ್ಟು. ಅದಕ್ಕೇ ನಾನು ಕೇಳಿದೋರಿಗೆಲ್ಲ ಹೇಳೋದು ಒಂದೇ ಮಾತು, ಮನೆ, ನೀರು, ಕರೆಂಟು, ದಾರಿ ಎಲ್ಲದರ ಲೆಕ್ಕನೂ ಆಶ್ಲೇಷಾ ಮಳೆ ಇಟ್ಕೊಂಡು ಹಾಕಿ. ಜೂನಿಂದ ಸೆಪ್ಟೆಂಬರ್ ತನಕ ನಡೆಯೋ ಮನೆ ಉಳಿದ ಎಂಟು ತಿಂಗಳು ತಾನಾಗೇ ನಡೆಯುತ್ತೆ, ಉಲ್ಟಾ ಆಗಲ್ಲ.

ಕೆಳಗೆ ಬರೆದಿರೋದು ನಾವಿರೋ ಮೂಡಿಗೆರೆ ತಾಲೂಕಿನ ಘಟ್ಟದಂಚಿನ ಕಡೆದು. ಸಕಲೇಶಪುರ ತಾಲೂಕಿನ ಹೆತ್ತೂರು, ಬಿಸಿಲೆ ಕಡೆಗೂ ಹೆಚ್ಚುಕಮ್ಮಿ ಇದೇ ಅನ್ವಯಿಸುತ್ತೆ. ಕಡೂರು, ಅರಸೀಕೆರೆ ಅದೇ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲೇ ಇದ್ರೂ ಅಲ್ಲಿ ಬಯಲುಸೀಮೆ ಲೆಕ್ಕ, ಅಲ್ಲಿಗೆ ಇದು ಆಗಿಬರಲ್ಲ.

ಮೊದಲ್ನೇದು: ಜಾಗ ನೋಡೋದು ಮಳೆಲಿ, ಸಾಧ್ಯ ಆದ್ರೆ ಒಂದು ಮಳೆಗಾಲ ಬಾಡಿಗೆಗಿದ್ದು

ಜಾಗ ಇಷ್ಟ ಆಗಿದ್ರೆ ಜುಲೈಲಿ ಇನ್ನೊಂದ್ಸಲ ಬನ್ನಿ, ಕೊಡೆ ಗಂಬೂಟು ಹಾಕ್ಕೊಂಡು ಪೂರ್ತಿ ನಡೀರಿ. ಎಲ್ಲೆಲ್ಲಿ ಜಲ ಎದ್ದಿದೆ, ಹಳ್ಳ ಎಲ್ಲಿ ತನಕ ಉಕ್ಕಿದೆ, ದಾರಿ ಎಲ್ಲಿ ಕೊಚ್ಚಿ ಹೋಗಿದೆ ಅನ್ನೋದು ಆಗ ಮಾತ್ರ ಕಣ್ಣಿಗೆ ಬೀಳುತ್ತೆ. ಆಮೇಲೆ ಏಪ್ರಿಲ್ ಕೊನೇಲಿ ಮತ್ತೊಂದ್ಸಲ ಬನ್ನಿ, ಆಗ ಹಳ್ಳದಲ್ಲಿ ಉಳಿದಿರೋ ನೀರೇ ನಿಮ್ಮ ನಿಜವಾದ ನೀರು. ಬ್ರೋಕರ್ ಈ ಎರಡು ತಿಂಗಳಲ್ಲಿ ಜಾಗ ತೋರಿಸೋಕೆ ಹಿಂದೆಮುಂದೆ ನೋಡ್ತಾನೆ, ನೀವು ಬಿಡಬೇಡಿ. ಹತ್ರದ ಯಾವುದಾದ್ರೂ ತೋಟದ ಮನೆ ಬಾಡಿಗೆಗೆ ಸಿಕ್ಕಿದ್ರೆ ಒಂದು ಮಳೆಗಾಲ ಅಲ್ಲೇ ಕಳೀರಿ, ಮನೆಯವರೆಲ್ಲರೂ ಇದ್ದು ನೋಡ್ಬೇಕು, ಒಬ್ಬರೇ ಬಂದು ಇದ್ದು ಹೋದ್ರೆ ಲೆಕ್ಕಕ್ಕಿಲ್ಲ.

ಪೇಪರ್ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದೋರೂ ಕೃಷಿ ಜಮೀನು ತಗೋಬಹುದು, ಅದು ಸರಿ. ಆದ್ರೆ ಮಲೆನಾಡಲ್ಲಿ ತಕರಾರು ಬರೋದು ಬೇರೆ ಕಡೆಯಿಂದ. ತೋರಿಸೋ ಜಾಗದಲ್ಲಿ ಪಹಣಿ ಇರೋ ಹಿಡುವಳಿ ಎಷ್ಟು, ಪಕ್ಕದ ಒತ್ತುವರಿ ಎಷ್ಟು, ಅರಣ್ಯದ ಸರಹದ್ದು ಎಲ್ಲಿ, ಡೀಮ್ಡ್ ಫಾರೆಸ್ಟ್ (ದಾಖಲೆಲಿ ಅರಣ್ಯ ಅಲ್ದಿದ್ರೂ ಅರಣ್ಯ ಅಂತ ಪರಿಗಣಿಸಿರೋ ಜಾಗ) ಅಥವಾ ಸೆಕ್ಷನ್ 4 ನೋಟಿಫಿಕೇಶನ್ (ಮೀಸಲು ಅರಣ್ಯ ಮಾಡ್ತೀವಿ ಅನ್ನೋ ಸರ್ಕಾರದ ಸೂಚನೆ) ಆಗಿದೆಯಾ ಇದನ್ನ ಸರ್ವೆ ಮಾಡಿಸಿ ಅರಣ್ಯ ಇಲಾಖೆ ರೇಂಜ್ ಆಫೀಸಲ್ಲೂ ಕೇಳಿ ಖಾತ್ರಿ ಮಾಡ್ಕೊಬೇಕು. ಬ್ರೋಕರ್ ತೋರಿಸೋ ಆ ಚೆಂದದ ಅಬ್ಬಿ (ಸಣ್ಣ ಜಲಪಾತ) ಬಹಳ ಸಲ ಕಾಡಿನ ಜಾಗದಲ್ಲಿರುತ್ತೆ. 2024ರ ಜುಲೈಲಿ ಬಂದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಲಿ ನಮ್ಮ ರಾಜ್ಯದ್ದೇ 20,668 ಚದರ ಕಿಲೋಮೀಟರ್ ಇದೆ, ನಿಮ್ಮ ಹಳ್ಳಿ ಆ ಪಟ್ಟಿಲಿ ಇದೆಯಾ ಅಂತನೂ ನೋಡ್ಕೊಳ್ಳಿ. ಹಾಗೇ ದಾರಿ ಯಾರ ಜಮೀನಿನ ಮೇಲೆ ಹೋಗುತ್ತೆ ಅಂತ ಕೇಳಿ, ಬಾಯ್ಮಾತಿನ ದಾರಿ ನಂಬ್ಕೊಂಡು ಮನೆ ಕಟ್ಟಬೇಡಿ.

ಎರಡ್ನೇದು: ಮನೆ ಎಲ್ಲಿ ಕೂರಬೇಕು

ಇದು ಜೀವದ ಪ್ರಶ್ನೆ, ಆದ್ರಿಂದ ಸ್ವಲ್ಪ ನಿಧಾನವಾಗಿ ಓದಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತು, ಮಲೆಮನೆ ಕಡೆ ಗುಡ್ಡ ಜರಿದು ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ತಲೆತಲಾಂತರದಿಂದ ಇದ್ದ ಜನರ ಜಾಗಗಳೇ ಹೀಗಾಗಿರುವಾಗ ಹೊಸದಾಗಿ ಜೆಸಿಬಿ ತಂದು ಗುಡ್ಡ ಕಡಿದು ಸೈಟ್ ಮಾಡ್ಕೊಳ್ಳೋರು ಎಷ್ಟು ಹುಷಾರಾಗಿರಬೇಕು ಯೋಚ್ನೆ ಮಾಡಿ.

ವ್ಯೂ ಚೆನ್ನಾಗಿರುತ್ತೆ ಅಂತ ಕಡಿದಾದ ಇಳಿಜಾರಿನ ತುದಿಲಿ ಕಟ್ಟಬೇಡಿ, ಹಳ್ಳದ ಪಕ್ಕನೂ ಬೇಡ, ಎರಡು ಗುಡ್ಡ ಕೂಡೋ ಕಣಿವೆ ಬಾಯಲ್ಲಂತೂ ಬೇಡವೇ ಬೇಡ, ಯಾಕಂದ್ರೆ ಮೇಲಿಂದ ಬರೋ ನೀರೂ ಮಣ್ಣೂ ಅಲ್ಲಿಂದಲೇ ಇಳಿಯೋದು. ಹಳೇ ಮನೆಗಳು ಎಲ್ಲಿವೆ ನೋಡಿ, ಬಹುಪಾಲು ಗುಡ್ಡದ ಮಧ್ಯದ ಸಹಜ ಸಮತಟ್ಟಲ್ಲಿ, ಗದ್ದೆಯಿಂದ ಮೇಲೆ, ಹಿಂದೆ ಮರಗಳ ಆಸರೆ ಇಟ್ಕೊಂಡು ಕೂತಿರ್ತವೆ. ಧರೆ (ಗುಡ್ಡದ ಮಣ್ಣಿನ ಗೋಡೆ) ಕಡಿಯಲೇಬೇಕು ಅಂತಾದ್ರೆ ಮೆಟ್ಟಿಲು ಮೆಟ್ಟಿಲಾಗಿ ಕಡಿರಿ, ಮನೆ ಗೋಡೆಗೂ ಧರೆಗೂ ನಡುವೆ ಧಾರಾಳ ಜಾಗ ಬಿಡಿ, ಧರೆ ಮೇಲ್ಗಡೆ ಅಗಳು (ಕಾಲುವೆ) ತೆಗೆದು ಮಳೆ ನೀರನ್ನ ಪಕ್ಕಕ್ಕೆ ಸಾಗಿಸಿ. ಗುಡ್ಡದ ನೆತ್ತಿಲಿ ನೀರು ಇಂಗಿಸೋಕೆ ಅಂತ ದೊಡ್ಡ ಇಂಗುಗುಂಡಿ ತೆಗೆಯೋರಿದಾರೆ, ಬಯಲುಸೀಮೆಗೆ ಅದು ಒಳ್ಳೇದು, ಇಲ್ಲಿ ಇಳಿಜಾರಿನ ಮನೆ ಮೇಲ್ಗಡೆ ಅದು ಅಪಾಯ.

ಕುಸಿತಕ್ಕೆ ಮುಂಚೆ ಗುಡ್ಡ ಕೆಲವು ಸಲ ಸೂಚನೆ ಕೊಡುತ್ತೆ. ಅಂಗಳದಲ್ಲೋ ಗುಡ್ಡದ ಮೇಲೋ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಬೇಲಿ ಕಂಬ ವಾಲೋದು, ಬಾಗಿಲು ಇದ್ದಕ್ಕಿದ್ದಂಗೆ ಹಿಡ್ಕೊಳ್ಳೋದು, ಇಲ್ಲದ ಕಡೆ ಕೆಂಪು ನೀರಿನ ಜಲ ಏಳೋದು. ಎಲ್ಲಕ್ಕಿಂತ ಮುಖ್ಯ, ಮಳೆ ಜೋರಾಗಿ ಹೊಯ್ತಾ ಇರೋವಾಗ ಹಳ್ಳದ ನೀರು ದಿಢೀರ್ ಅಂತ ಕಮ್ಮಿ ಆದ್ರೆ ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ ಅಂತ ತಿಳ್ಕೊಂಡು ಆ ಕ್ಷಣವೇ ಹೊರಡಿ. ರಾತ್ರಿ ಆದ್ರೂ ಸರಿ, ಸಾಮಾನು ಬಿಟ್ಟು ಹೊರಡಿ. ಎಲ್ಲಿಗೆ ಹೋಗೋದು ಅನ್ನೋದು ಮೇ ತಿಂಗಳಲ್ಲೇ ತೀರ್ಮಾನ ಆಗಿರಬೇಕು.

ಮನೆ ಬಗ್ಗೆ ಎರಡೇ ಮಾತು. ಮಾಡು ಇಳಿಜಾರಾಗಿರಲಿ, ಸೂರು ಗೋಡೆಯಿಂದ ಚೆನ್ನಾಗಿ ಹೊರಗೆ ಬರಲಿ, ನೈಋತ್ಯ ಮತ್ತು ಪಶ್ಚಿಮದ ಗೋಡೆಗೆ ಎರಚಲು ಹೊಡೆಯೋದ್ರಿಂದ ಆ ಕಡೆ ದೊಡ್ಡ ಗಾಜಿನ ಕಿಟಕಿ ಇಡೋ ಆಸೆ ಬಿಟ್ಬಿಡಿ, ಮಳೆಗಾಲಕ್ಕೆ ಅಲ್ಲಿ ಸೋಗೆ ತಟ್ಟಿನೋ ಶೀಟೋ ಕಟ್ಟಬೇಕಾಗುತ್ತೆ. ಟೆರೇಸ್ ಮನೆ ಕಟ್ಟಿದೋರೂ ಕೊನೆಗೆ ಅದರ ಮೇಲೆ ಶೀಟ್ ಹಾಕ್ಸೋದನ್ನ ಇಲ್ಲಿ ಪ್ರತಿ ಊರಲ್ಲೂ ನೋಡಬಹುದು.

ಮೂರ್ನೇದು: ನೀರು

ಗುಡ್ಡದ ಮೇಲಿಂದ ತಾನಾಗೇ ಇಳಿದು ಬರೋ ನೀರು ಸಿಕ್ಕಿದ್ರೆ ಅರ್ಧ ಬದುಕು ಸಲೀಸು, ಯಾಕಂದ್ರೆ ಪಂಪಿಗೆ ಕರೆಂಟೇ ಬೇಡ. ಹಿಂದೆ ಅಡಿಕೆ ದಬ್ಬೆ ಜೋಡಿಸಿ ಅಬ್ಬಿ ನೀರು ಮನೆಗೆ ತರ್ತಿದ್ರು, ಈಗ ಎಚ್‌ಡಿಪಿಇ ಕಪ್ಪು ಪೈಪು. 10 ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ 1 ಕೆಜಿ ಪ್ರೆಶರ್, ಅಂದ್ರೆ ಒರತೆ ಮನೆಗಿಂತ 40 ಮೀಟರ್ ಮೇಲಿದ್ರೆ ಕೆಳಗೆ 4 ಕೆಜಿ ಬರುತ್ತೆ, ಅದಕ್ಕೆ ತಕ್ಕ ಕ್ಲಾಸಿನ ಪೈಪ್ ತಗೊಳ್ಳಿ, ಅಗ್ಗದ್ದು ಹಾಕಿದ್ರೆ ರಾತ್ರಿ ನಲ್ಲಿ ಮುಚ್ಚಿದಾಗ ಒಡೆಯುತ್ತೆ. ಪೈಪು ದಾರಿಲಿ ಏರಿ ಇಳಿದು ಹೋದ್ರೆ ಏರಿರೋ ಕಡೆ ಗಾಳಿ ಕಟ್ಟಿ ನೀರು ನಿಲ್ಲುತ್ತೆ, ಅಲ್ಲೊಂದು ಏರ್ ವಾಲ್ವ್ ಅಥವಾ ಬಿಚ್ಚಿ ಹಾಕೋ ಮುಚ್ಚಳ ಇಡಿ. ಒರತೆ ಬಾಯಲ್ಲಿ ಸಣ್ಣ ಸಿಮೆಂಟ್ ತೊಟ್ಟಿ ಕಟ್ಟಿ ಜಾಲರಿ ಹಾಕಿ, ಮರಳು ಕೂರೋಕೆ ಜಾಗ ಬಿಡಿ. ಜೂನ್ ಜುಲೈಲಿ ಎಲೆ ಕಟ್ಟಿ ನೀರು ನಿಲ್ಲೋದು ದಿನಾ ಇರೋದೇ, ಮಳೇಲಿ ಇಂಬಳ (ಜಿಗಣೆ) ಕಚ್ಚಿಸ್ಕೊಂಡು ಮೇಲೆ ಹತ್ತಿ ಕ್ಲೀನ್ ಮಾಡೋದು ನಿಮ್ಮ ದಿನಚರಿಲಿ ಸೇರುತ್ತೆ. ಆನೆ ಓಡಾಡೋ ಕಡೆ ಪೈಪನ್ನ ಮೇಲೇ ಬಿಟ್ರೆ ತುಳಿದು ಒಡೆದು ಹಾಕ್ತವೆ, ಹೂತು ಹಾಕಿ.

ಕಾಡಿನ ನೀರು ಶುದ್ಧ ಅಂತ ಹಾಗೇ ಕುಡಿಯೋದು ಬೇಡ. ಮೇಲ್ಗಡೆ ಹಂದಿ, ಕಡವೆ, ದನ ಎಲ್ಲ ಓಡಾಡ್ತಾವೆ, ಕಾಫಿ ತೋಟದ ಸ್ಪ್ರೇನೂ ಮಳೆಲಿ ತೊಳೆದು ಬರುತ್ತೆ. ಮರಳಿನ ಫಿಲ್ಟರ್‌ನಲ್ಲಿ ಬಿಟ್ಟು ಆಮೇಲೆ ಕುದಿಸಿ ಕುಡೀರಿ. ಸ್ಪ್ರೇ ಕುದಿಸಿದ್ರೆ ಹೋಗಲ್ಲ, ಆದ್ರಿಂದ ತೋಟದ ಕೆಳಗಿನ ಹಳ್ಳ ಸ್ನಾನಕ್ಕೆ, ತೋಟದ ಮೇಲಿನ ಒರತೆ ಕುಡಿಯೋಕೆ. ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್, ಜಾಗ ಇದ್ರೆ 30 ಮೀಟರ್ ದೂರ, ಅದೂ ಇಳಿಜಾರಿನ ಕೆಳಗಡೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದು ಗುಂಡಿ ಬಾವಿ ಎಲ್ಲ ಒಂದೇ ಆಗೋ ಜಾಗಗಳಿವೆ, ಅಂಥಾ ಕಡೆ ಗುಂಡಿ ಆಳ ಮಾಡದೆ ಎತ್ತರಿಸಿ ಕಟ್ಟಿಸಿ.

ನಾಲ್ಕ್ನೇದು: ಕರೆಂಟು, ಬಿಸಿಲಿಂದ ಅರ್ಧ ಹಳ್ಳದಿಂದ ಅರ್ಧ

ಎಲ್ಲರೂ ಮೊದಲು ಕೇಳೋದು ಎಷ್ಟು ಕಿಲೋವ್ಯಾಟ್ ಸೋಲಾರ್ ಹಾಕ್ಲಿ ಅಂತ. ಅದಲ್ಲ, ಮೊದಲು ದಿನಕ್ಕೆ ಎಷ್ಟು ಯೂನಿಟ್ ಬೇಕು ಅಂತ ಬರ್ಕೊಳ್ಳಿ. 9 ವ್ಯಾಟಿನ 6 ಬಲ್ಬು 5 ಗಂಟೆ ಉರಿದ್ರೆ ಕಾಲು ಯೂನಿಟ್ ಚಿಲ್ಲರೆ. ರೂಟರ್ ಹಗಲೂ ರಾತ್ರಿ ಇದ್ರೆ ಇನ್ನೊಂದು ಕಾಲು. ಲ್ಯಾಪ್‌ಟಾಪ್ 60 ವ್ಯಾಟಿಂದು 5 ಗಂಟೆ ಅಂದ್ರೆ 0.3 ಯೂನಿಟ್, ಮಿಕ್ಸಿ ಕಾಲು ಗಂಟೆಗೆ 0.2. ಇಲ್ಲಿಗೆ 1 ಯೂನಿಟ್ ಆಯ್ತು. ಫ್ರಿಜ್ ಬೇಕು ಅಂದ್ರೆ ಮತ್ತೊಂದು ಯೂನಿಟ್. ಫ್ಯಾನ್ ಈ ಕಡೆ ಮಾರ್ಚ್ ಏಪ್ರಿಲ್ ಬಿಟ್ರೆ ಬೇಕಾಗಲ್ಲ. ಗೀಸರು, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಈ ಮೂರನ್ನ ಪಟ್ಟಿಯಿಂದ ತೆಗೀರಿ, ಬಿಸಿ ಮಾಡೋ ಕೆಲಸ ಯಾವುದನ್ನೂ ಬ್ಯಾಟರಿಗೆ ಹೇಳಬಾರದು, ಅದು ಸೌದೆ ಕೆಲಸ.

ಹಾಗಾಗಿ ದಿನಕ್ಕೆ 2 ಯೂನಿಟ್ ಇಟ್ಕೊಳ್ಳಿ. 1 ಕಿಲೋವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಿಗೆ ದಿನಕ್ಕೆ 4 ಯೂನಿಟ್ ಕೊಡುತ್ತೆ, ಹಾಗೆ ನೋಡಿದ್ರೆ ಅರ್ಧ ಕಿಲೋವ್ಯಾಟ್ ಸಾಕು. ಪೇಟೆಯಿಂದ ಬಂದ ಸೋಲಾರ್‌ನೋರು ಹಾಕಿಕೊಡೋದೂ ಈ ಲೆಕ್ಕದಲ್ಲೇ. ಜುಲೈಲಿ ಮೋಡ ಕವಿದ್ರೆ ಅದೇ 1 ಕಿಲೋವ್ಯಾಟ್ 1 ಯೂನಿಟ್ ಕೊಟ್ರೆ ದೊಡ್ಡದು, ಕೆಲವು ದಿನ ಅದೂ ಇಲ್ಲ. ಆದ್ರಿಂದ ಬರೀ ಸೋಲಾರ್ ನಂಬೋದಾದ್ರೆ ಕನಿಷ್ಠ 2 ಕಿಲೋವ್ಯಾಟ್ ಬೇಕು. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ 13ರಿಂದ 15 ಡಿಗ್ರಿ ಓರೆ ಇರಲಿ, ಮರದ ನೆರಳು ಒಂದು ಮೂಲೆಗೆ ಬಿದ್ರೂ ಪೂರ್ತಿ ಲೈನ್ ಕುಗ್ಗುತ್ತೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತೆ ಒರೆಸಬೇಕು.

ಬ್ಯಾಟರಿ ಲೆಕ್ಕಕ್ಕೆ ಬಂದ್ರೆ, 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿಲಿ ಬೋರ್ಡ್ ಪ್ರಕಾರ 1.8 ಯೂನಿಟ್ ಇದೆ, ಬಾಳಿಕೆ ಬರ್ಬೇಕು ಅಂದ್ರೆ ಅದರ ಅರ್ಧ ಮಾತ್ರ ಬಳಸ್ಬೇಕು. ಮೂರು ದಿನ ಬಿಸಿಲೇ ಇಲ್ಲದೆ ನಡೀಬೇಕು ಅಂದ್ರೆ 6 ಯೂನಿಟ್, ಅಂದ್ರೆ ಅಂಥಾ 7 ಬ್ಯಾಟರಿ. ಇನ್ವರ್ಟರ್‌ಗೆ ಜೋಡಿಯಾಗಿ ಕೂರಿಸೋದ್ರಿಂದ 8. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ ನೂರಕ್ಕೆ 80 ಭಾಗ ಬಳಸಬಹುದು, ಏಳೂವರೆ ಎಂಟು ಯೂನಿಟಿನದ್ದು ಒಂದು ಸಾಕು, ದುಡ್ಡು ಮೊದಲೇ ಜಾಸ್ತಿ ಆಗುತ್ತೆ ಆದ್ರೆ ಡಿಸ್ಟಿಲ್ಡ್ ವಾಟರ್ ಹಾಕೋ ರಗಳೆ ಇಲ್ಲ. ನಾನು ಲಿಥಿಯಂ ಕಡೆಗೇ.

ಈಗ ನಿಜವಾದ ವಿಷಯ. ಬಿಸಿಲು ಇಲ್ಲದ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತೆ. ನಮ್ಮ ಮಲೆನಾಡಿನ ಎಷ್ಟೋ ಮನೆಗಳು ಲೈನ್ ಬರೋಕೂ ಮುಂಚೆ ಇಂಥಾ ಸಣ್ಣ ಟರ್ಬೈನ್ ಕರೆಂಟಲ್ಲೇ ದೀಪ ಹಚ್ಚಿದ್ದು, ಸರ್ಕಾರ ಪಿಕೋ ಹೈಡ್ರೋ ಅಂತ ಸಬ್ಸಿಡಿನೂ ಕೊಟ್ಟಿತ್ತು. ಲೆಕ್ಕ ಸುಲಭ ಇದೆ. ನೀರು ಎಷ್ಟು ಮೀಟರ್ ಎತ್ತರದಿಂದ ಬೀಳುತ್ತೆ, ಸೆಕೆಂಡಿಗೆ ಎಷ್ಟು ಲೀಟರ್ ಸಿಗುತ್ತೆ, ಎರಡನ್ನೂ ಗುಣಿಸಿ ಮತ್ತೆ 5ರಿಂದ ಗುಣಿಸಿ, ಬರೋದು ವ್ಯಾಟು. ಹರಿವು ಅಳೆಯೋಕೆ ಹಳ್ಳದ ನೀರನ್ನ ಪೈಪಿಗೆ ತಿರುಗಿಸಿ ಬಕೆಟ್ ಹಿಡೀರಿ, 15 ಲೀಟರ್ ಬಕೆಟ್ 5 ಸೆಕೆಂಡಲ್ಲಿ ತುಂಬಿದ್ರೆ ಸೆಕೆಂಡಿಗೆ 3 ಲೀಟರ್. 20 ಮೀಟರ್ ಎತ್ತರ, 3 ಲೀಟರ್ ಹರಿವು, 300 ವ್ಯಾಟ್ ಆಯ್ತು. ಕಮ್ಮಿ ಅನ್ಸುತ್ತೆ ಅಲ್ವಾ, ಆದ್ರೆ ಇದು ರಾತ್ರಿ ಹಗಲು ನಿಲ್ಲದೆ ಬರೋದು, 24 ಗಂಟೆಗೆ 7.2 ಯೂನಿಟ್, ಅದೂ ಜುಲೈಲಿ! 2 ಕಿಲೋವ್ಯಾಟ್ ಸೋಲಾರ್ ಚಳಿಗಾಲದ ಒಳ್ಳೆ ಬಿಸಿಲಲ್ಲಿ ಕೊಡೋದಕ್ಕೆ ಹತ್ರಹತ್ರ.

ಇದನ್ನ ಮಾಡೋ ಕ್ರಮ ಹೇಳ್ತೀನಿ. ಮೇಲೆ ಸಣ್ಣ ಕಟ್ಟೆ, ಅದಕ್ಕೆ ಎಲೆ ತಡೆಯೋ ಸರಳು ಜಾಲರಿ, ಓರೆಯಾಗಿ ಇಟ್ರೆ ಎಲೆ ತಾನಾಗೇ ಜಾರಿ ಹೋಗುತ್ತೆ. ಅಲ್ಲಿಂದ ಪೈಪು, 3 ಲೀಟರಿಗೆ 3 ಇಂಚಿಗಿಂತ ಸಣ್ಣ ಪೈಪ್ ಹಾಕಬೇಡಿ, ಸಣ್ಣದ್ರಲ್ಲಿ ತಿಕ್ಕಾಟಕ್ಕೇ ಶಕ್ತಿ ಹೋಗುತ್ತೆ. ಕೆಳಗೆ ಟರ್ಬೈನು, ಪ್ರವಾಹ ಮುಟ್ಟದ ಎತ್ತರದಲ್ಲಿ, ಮಾಡು ಇರೋ ಗೂಡಲ್ಲಿ. ಟರ್ಬೈನ್‌ಗೆ ಲೋಡ್ ಇಲ್ದಿದ್ರೆ ಸ್ಪೀಡ್ ಏರಿ ವೋಲ್ಟೇಜ್ ಏರಿ ಎಲ್ಲ ಸುಟ್ಟು ಹೋಗುತ್ತೆ, ಆದ್ರಿಂದ ಲೋಡ್ ಕಂಟ್ರೋಲರ್ ಹಾಕಿ ಮಿಕ್ಕಿದ ಕರೆಂಟನ್ನ ನೀರು ಕಾಯಿಸೋ ಕಾಯಿಲ್‌ಗೆ ಬಿಡಿ, ಹಂಡೆ ನೀರು ಪುಕ್ಕಟೆ ಬೆಚ್ಚಗಿರುತ್ತೆ. ಬ್ಯಾಟರಿಗೆ ಹೇಳಬಾರದು ಅಂದಿದ್ದ ಬಿಸಿ ಮಾಡೋ ಕೆಲಸ ಹಳ್ಳಕ್ಕೆ ಹೇಳಬಹುದು. ನೀರನ್ನ ಟರ್ಬೈನ್ ಆದ್ಮೇಲೆ ಅದೇ ಹಳ್ಳಕ್ಕೆ ವಾಪಸ್ ಬಿಡಬೇಕು, ಕೆಳಗಿನ ಗದ್ದೆಯೋರಿಗೆ ಮೊದಲೇ ಹೇಳಿ ಒಪ್ಪಿಸಿ, ಹಳ್ಳ ಅರಣ್ಯದ್ದಾದ್ರೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಜನವರಿ ಹೊತ್ತಿಗೆ ಹರಿವು ಇಳಿಯುತ್ತೆ, ಆಗ ಬಿಸಿಲು ಬಂದಿರುತ್ತೆ. ಹಳ್ಳ ಇರೋ ಜಾಗ ಸಿಕ್ಕಿದ್ರೆ 1 ಕಿಲೋವ್ಯಾಟ್ ಸೋಲಾರ್ ಜೊತೆ ಒಂದು ಸಣ್ಣ ಟರ್ಬೈನು, ಈ ಕಡೆಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಸಿಡಿಲು ಮರೀಬೇಡಿ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಲಿ ಇನ್ವರ್ಟರ್, ಕಂಟ್ರೋಲರ್ ಸುಟ್ಟು ಹೋಗೋದು ಸಾಮಾನ್ಯ. ಅರೆಸ್ಟರು, ಸರಿಯಾದ ಅರ್ತಿಂಗು, ಸರ್ಜ್ ಪ್ರೊಟೆಕ್ಟರು ಮೂರೂ ಬೇಕು, ಆದ್ರೂ ಮೋಡ ಕಪ್ಪಾದ್ರೆ ಪ್ಯಾನಲ್ ಲೈನ್ ಐಸೊಲೇಟರ್ ಆಫ್ ಮಾಡಿ. ದಾಮಿನಿ ಅನ್ನೋ ಆ್ಯಪ್ ಹತ್ತಿರದ ಸಿಡಿಲಿನ ಬಗ್ಗೆ ಎಚ್ಚರಿಸುತ್ತೆ, ಸಿಗ್ನಲ್ ಇದ್ರೆ.

ಐದ್ನೇದು: ಬೆಂಕಿ, ಸೌದೆ, ಗ್ಯಾಸು

ಮಳೆಗಾಲದ ಮನೆಗೆ ಒಲೆನೇ ಜೀವ. ಬಚ್ಚಲ ಒಲೆ ಬರೀ ಸ್ನಾನಕ್ಕಲ್ಲ, ಬಟ್ಟೆ ಒಣಗೋದೂ ಅಲ್ಲೇ, ಮೇಲಿನ ಅಟ್ಟದಲ್ಲಿ ಇಟ್ಟಿರೋ ಸಾಮಾನಿಗೆ ಬೂಷ್ಟು ಬರದಿರೋದೂ ಆ ಹೊಗೆ ದೆಸೆಯಿಂದಲೇ. ಸೌದೆ ಕೆಲಸ ಫೆಬ್ರವರಿಲಿ ಶುರು ಆಗಿ ಏಪ್ರಿಲ್ ಒಳಗೆ ಮುಗಿದು, ಮೊದಲ ಗುಡುಗು ಮಳೆಗೆ ಮುಂಚೆ ಕೊಟ್ಟಿಗೆ ಒಳಗೆ ಜೋಡಿಸಿ ಆಗಿರಬೇಕು. ಸುತ್ತ ತೋಟದೋರು ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡಿದಾಗ ಬೀಳೋ ಕೊಂಬೆ, ಕಿತ್ತ ಹಳೇ ಕಾಫಿ ಗಿಡ, ಸಿಲ್ವರ್ ಓಕ್ ತುಂಡು ಇವೆಲ್ಲ ಕೇಳಿದ್ರೆ ಸಿಗುತ್ತೆ, ಕಾಫಿ ಕಟ್ಟಿಗೆ ಗಟ್ಟಿ ಕೆಂಡ ಕೊಡುತ್ತೆ. ಕಾಡಿಂದ ಹಸಿ ಮರ ಕಡಿಯೋದು ತಪ್ಪೂ ಹೌದು ಕೇಸೂ ಹೌದು. ಎಷ್ಟು ಬೇಕು ಅಂತ ಅಂದಾಜು ಮಾಡ್ತೀರೋ ಅದರ ಒಂದೂವರೆ ಪಟ್ಟು ಇಡಿ. ಪುರಲೆ (ಸಣ್ಣ ಒಣ ಕಡ್ಡಿ), ಒಣ ಅಡಿಕೆ ಹಾಳೆ ಬೇರೆಯಾಗಿ ಒಲೆ ಮೇಲೇ ಇರಲಿ, ಆಗಸ್ಟಲ್ಲಿ ಬೆಂಕಿ ಹೊತ್ತಿಸೋದೇ ಒಂದು ಕೆಲಸ. ಸೌದೆ ರಾಶಿಲಿ ಹಾವು ಚೇಳು ಸೇರ್ಕೊಳ್ಳುತ್ತೆ, ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ.

ಮೂರು ನಾಲ್ಕು ದನ ಕಟ್ಟೋ ಮನಸ್ಸಿದ್ರೆ ಗೋಬರ್ ಗ್ಯಾಸ್ ಮಾಡಿ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು, ಒಂದು ಮನೆ ಅಡುಗೆಗೆ ಸಾಕಾಗುತ್ತೆ. ಚಳಿಲಿ ಮಳೆಲಿ ಗ್ಯಾಸ್ ಕಮ್ಮಿ ಬರುತ್ತೆ, ಆದ್ರಿಂದ ಒಂದು ತುಂಬಿದ ಸಿಲಿಂಡರ್ ಮೇ ಕೊನೆಗೆ ಮನೇಲಿರಲಿ. ಮತ್ತೆ, ಮುಚ್ಚಿದ ಕೋಣೇಲಿ ಕೆಂಡದ ಕುಂಪಟೆ ಇಟ್ಕೊಂಡು ಮಲಗಬೇಡಿ, ಆ ಗಾಳಿ ನಿದ್ದೇಲೇ ಕೊಲ್ಲುತ್ತೆ.

ಆರ್ನೇದು: ದಾಸ್ತಾನು

ಇದನ್ನ ನಮ್ಮ ಅಜ್ಜಿಯಂದಿರು ಯಾವ ಪಟ್ಟಿನೂ ಇಲ್ಲದೆ ಮಾಡ್ತಿದ್ರು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಉಪ್ಪು ಒಂದೂವರೆ ಎರಡು ತಿಂಗಳಿಗೆ ಆಗೋವಷ್ಟು, ಗಾಳಿ ಆಡದ ಡಬ್ಬಿಲಿ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಬೇಸಿಗೇಲಿ ಆಗಿರಬೇಕು. ಬಣ್ಣದ ಸೌತೆಕಾಯಿನ ಬಾಳೆ ನಾರಲ್ಲಿ ಕಟ್ಟಿ ಅಟ್ಟದ ತೊಲೆಗೆ ನೇತು ಹಾಕಿದ್ರೆ ತಿಂಗಳುಗಟ್ಟಲೆ ಕೆಡಲ್ಲ, ಹಲಸಿನ ಬೀಜಕ್ಕೆ ಮಣ್ಣು ಬಳಿದು ಇಟ್ರೆ ಮಳೆಗಾಲ ಪೂರ್ತಿ ಸಾರಿಗೆ ಆಯ್ತು. ಮೀನು ತಿನ್ನೋರು ಒಣಮೀನು ತಂದಿಟ್ಕೊಳ್ಳಿ. ಫ್ರಿಜ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಇದೇ ಉತ್ತರ, ಹೀಗೆ ಉಣ್ಣೋಕೆ ಮನಸ್ಸಿದ್ರೆ ಬೇಡ.

ಮಳೇಲಿ ತಾಜಾ ಸಿಗೋದು ಕೆಸು, ಕಳಲೆ (ಎಳೆ ಬಿದಿರಿನ ಮೊಳಕೆ), ಅಣಬೆ. ಕಳಲೇನ ಸಣ್ಣಕ್ಕೆ ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸ್ತಾ ನೆನೆಸ್ಲೇಬೇಕು, ಹಸಿದ್ರಲ್ಲಿ ಸೈನೈಡ್ ಅಂಶ ಇರುತ್ತೆ. ಅಣಬೆ ಮಾತ್ರ ಊರಿನ ಗೊತ್ತಿರೋರು ಕೈಗೆ ತಗೊಂಡು ನೋಡಿ ಹೌದು ಅಂದ್ರೆ ತಿನ್ನಿ, ಫೋನಲ್ಲಿ ಫೋಟೋ ಹೋಲಿಸಿ ತಿನ್ನಬೇಡಿ.

ಏಳ್ನೇದು: ದಾರಿ, ಫೋನು, ಜನ

ಮಣ್ಣು ರಸ್ತೆ ಹಾಳಾಗೋದು ಗಾಡಿಯಿಂದಲ್ಲ, ನೀರಿಂದ. ಏರಲ್ಲಿ ಅಡ್ಡ ಚರಂಡಿ ಕೊಟ್ಟು ನೀರನ್ನ ಆಗಾಗ ಪಕ್ಕಕ್ಕೆ ಇಳಿಸಿದ್ರೆ, ತಿರುವಲ್ಲಿ ಕಲ್ಲು ಸೋಲಿಂಗ್ ಮಾಡಿಸಿದ್ರೆ ಹಳೇ ಫೋರ್‌ವೀಲ್ ಜೀಪೇ ಸಾಕು. ಗಾಡಿಲಿ ಮರ ಕುಯ್ಯೋ ಮೆಷಿನ್ನು, ಕತ್ತಿ, ಹಗ್ಗ ಯಾವಾಗ್ಲೂ ಇರಲಿ. ಜೋರು ಮಳೆ ದಿನ ಗಾಡಿನ ಹಳ್ಳದ ಆಚೆ ದಡದಲ್ಲಿ, ಟಾರ್ ರಸ್ತೆ ಕಡೆ ನಿಲ್ಸಿ ಬನ್ನಿ. ಕಾಲು ಸೇತುವೆ ಅಂದ್ರೆ ಸಂಕ, ಅದೊಂದು ಗಟ್ಟಿ ಇದ್ರೆ ನಡೆದಾದ್ರೂ ದಾಟಬಹುದು.

ಫೋನಿಗೆ ಎರಡು ಬೇರೆ ಕಂಪನಿ ಸಿಮ್ ಇಟ್ಕೊಳ್ಳಿ, ಸಿಗ್ನಲ್ ಸಿಗೋ ದಿಣ್ಣೆ ಯಾವುದು ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಟವರ್‌ಗೂ ಕರೆಂಟ್ ಹೋಗಿ ಡೀಸೆಲ್ ಮುಗಿದ್ರೆ ಅದೂ ಸುಮ್ಮನಾಗುತ್ತೆ. ಸ್ಯಾಟಲೈಟ್ ಫೋನ್ ತರಿಸ್ತೀನಿ ಅನ್ನೋರಿಗೆ, ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದೆ ಅದನ್ನ ಇಟ್ಕೊಳ್ಳೋದು ಅಪರಾಧ. ಇದಕ್ಕೆಲ್ಲ ಬದಲು ಅಕ್ಕಪಕ್ಕದ ಮನೆಯೋರ ಜೊತೆ ಒಂದು ಮಾತಾಡ್ಕೊಳ್ಳಿ, ಎರಡು ದಿನ ಸುದ್ದಿ ಇಲ್ಲ ಅಂದ್ರೆ ಬಂದು ನೋಡಿ ಅಣ್ಣ, ನಾವೂ ನೋಡ್ತೀವಿ ಅಂತ.

ಒಂಟಿಯಾಗಿ ಎಲ್ಲ ನಾನೇ ಮಾಡ್ಕೊಳ್ತೀನಿ ಅನ್ನೋದು ಇಲ್ಲಿ ನಡೆಯಲ್ಲ. ಮಲೆನಾಡು ನಡೆದಿರೋದೇ ಮುಯ್ಯಾಳಿನ ಮೇಲೆ, ಇವತ್ತು ಅವರ ಗದ್ದೆ ನಾಟಿಗೆ ನೀವು ಇಳಿದ್ರೆ ನಾಳೆ ನಿಮ್ಮ ದಾರಿಗೆ ಬಿದ್ದ ಮರ ಎತ್ತೋಕೆ ಅವರು ಬರ್ತಾರೆ. ಬಂದ ಹೊಸದರಲ್ಲಿ ಜಮೀನಿಗೆ ಗೇಟು, ಸಿಸಿ ಕ್ಯಾಮರಾ, ಪ್ರವೇಶವಿಲ್ಲ ಅನ್ನೋ ಬೋರ್ಡು ಹಾಕೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಆ ದಾರಿಲಿ ಊರೋರು ದೇವರ ಬನಕ್ಕೋ ಹಡ್ಲು (ಪಾಳು ಬಿಟ್ಟ) ಗದ್ದೆಗೋ ಹೋಗ್ತಾ ಇದ್ದಿರ್ತಾರೆ. ಸಂತೆ ದಿನ ಪೇಟೆಗೆ ಹೋದಾಗ ಯಾರಿಗೇನು ಬೇಕು ಕೇಳ್ಕೊಂಡು ಹೋಗಿ, ದೇವರ ಕೆಲಸಕ್ಕೆ ಕರೆದ್ರೆ ಹೋಗಿ ಬಡಿಸಿ ಬನ್ನಿ. ಬ್ಯಾಟರಿಗಿಂತ ಹೆಚ್ಚಿನ ಬ್ಯಾಕಪ್ ಅದು.

ಎಂಟ್ನೇದು: ಆನೆ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲೂಕುಗಳಲ್ಲಿ ಆನೆ ಅಂದ್ರೆ ದಿನಾ ಇರೋ ವಿಷಯ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಸತ್ತ, ಪಳಗಿದ ಆನೆ, ಇಷ್ಟು ಜನ ಸಿಬ್ಬಂದಿ ಇದ್ದೂ. ನಾವು ಟಾರ್ಚ್ ಹಿಡ್ಕೊಂಡು ಓಡಿಸೋಕೆ ಹೋಗೋ ಪ್ರಾಣಿ ಅಲ್ಲ ಅದು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯೋರ ವಾಟ್ಸಾಪ್ ಗ್ರೂಪಿಗೆ ಸೇರ್ಕೊಳ್ಳಿ, ರೇಡಿಯೋ ಕಾಲರ್ ಹಾಕಿರೋ ಗುಂಪು ಎಲ್ಲಿದೆ ಅಂತ ಬರುತ್ತೆ. ಕತ್ತಲಾದ ಮೇಲೆ, ಬೆಳಕು ಹರಿಯೋ ಮುಂಚೆ ನಡೆದು ಓಡಾಡಬೇಡಿ, ಮಂಜಲ್ಲಿ ಹತ್ತು ಮಾರು ದೂರ ನಿಂತಿದ್ರೂ ಕಾಣಲ್ಲ. ಮನೆ ಪಕ್ಕ ಹಲಸು ಹಣ್ಣಾಗೋಕೆ ಬಿಡಬೇಡಿ, ಬಾಳೆ, ಬೈನೆ ಮರ ಅಂಗಳದಿಂದ ದೂರ ಇರಲಿ, ಭತ್ತ ಉಪ್ಪು ಗೋಡೆ ಪಕ್ಕದ ಶೆಡ್ಡಲ್ಲಿ ಇಡಬೇಡಿ. ಸೋಲಾರ್ ಬೇಲಿ ಹಾಕೋದಾದ್ರೆ ಎನರ್ಜೈಸರ್ ಇರೋದನ್ನೇ ಹಾಕಿ, ಅದು ತುಡಿತದ ಹಾಗೆ ಬಿಟ್ಟು ಬಿಟ್ಟು ಶಾಕ್ ಕೊಟ್ಟು ಹೆದರಿಸುತ್ತೆ ಅಷ್ಟೇ. ನೇರ ಕರೆಂಟ್ ಬೇಲಿಗೆ ಬಿಟ್ರೆ ಆನೆನೂ ಸಾಯುತ್ತೆ ಜನನೂ ಸಾಯ್ತಾರೆ, ಜೈಲು ಖಾಯಂ.

ಕೊನೇದು: ಕಾಯಿಲೆ ಕಸಾಲೆ

ಹಾವು ಕಚ್ಚಿದ್ರೆ ಕಟ್ಟು ಕಟ್ಟೋದು, ಕುಯ್ಯೋದು, ಚೀಪೋದು, ನಾಟಿ ಔಷಧ ಹುಡ್ಕೋದು ಏನೂ ಬೇಡ. ಉಂಗುರ ಬಳೆ ತೆಗೆದು, ಕಚ್ಚಿದ ಕೈ ಕಾಲು ಅಲ್ಲಾಡದಂಗೆ ಇಟ್ಕೊಂಡು, ನಡೆಸದೆ ಹೊತ್ಕೊಂಡು ಗಾಡಿಗೆ ಹಾಕಿ. ಯಾವ ಆಸ್ಪತ್ರೇಲಿ ವಿಷ ಇಳಿಸೋ ಇಂಜೆಕ್ಷನ್ನು, ವೆಂಟಿಲೇಟರು ಎರಡೂ ಇದೆ ಅಂತ ಮಳೆಗೆ ಮುಂಚೆ ಹೋಗಿ ಕೇಳ್ಕೊಂಡು ಬನ್ನಿ, ಹತ್ತಿರ ಅಂತ ಅವು ಇಲ್ಲದ ಆಸ್ಪತ್ರೆಗೆ ಹೋದ್ರೆ ಅರ್ಧ ಗಂಟೆ ಹೋಯ್ತು. ಆ ಇಂಜೆಕ್ಷನ್ ಕೆಲಸ ಮಾಡೋದು ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೂ ನಮ್ಮ ಕಾಡಿನ ಮಲಬಾರ್ ಗುಳಿಮಂಡಲಕ್ಕೂ ಅದರಲ್ಲಿ ಔಷಧ ಇಲ್ಲ. ಕಾಳಿಂಗ ತಾನಾಗಿ ಮೇಲೆ ಬೀಳೋದು ಅಪರೂಪ, ಕಂಡ್ರೆ ದಾರಿ ಬಿಟ್ಟು ನಿಲ್ಲಿ. ಗಂಬೂಟು, ಟಾರ್ಚು, ಮನೆ ಸುತ್ತ ಸವರಿದ ಅಂಗಳ, ಇಲಿ ಸೇರದ ಅಡುಗೆಮನೆ ಇಷ್ಟಿದ್ರೆ ಮುಕ್ಕಾಲು ಅಪಾಯ ತಪ್ಪುತ್ತೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, 2024ರಲ್ಲಿ ನಮ್ಮ ಜಿಲ್ಲೇಲೂ ಬಂತು. ಹರಡೋದು ಉಣ್ಣೆ ಹುಳದಿಂದ, ಡಿಸೆಂಬರಿಂದ ಮೇ ತನಕ ಜೋರು, ಅಂದ್ರೆ ಸರಿಯಾಗಿ ಸೌದೆ ಮಾಡೋ, ತರಗೆಲೆ ಬಳಿಯೋ ತಿಂಗಳುಗಳಲ್ಲೇ. ಕಾಡಿಗೆ ಹೋಗೋ ಮುಂಚೆ ಉಣ್ಣೆ ಹುಳ ಹತ್ತಿರ ಬರದಂಗೆ ಆರೋಗ್ಯ ಇಲಾಖೆಯೋರು ಕೊಡೋ ಡೆಪಾ ಎಣ್ಣೆ ಹಚ್ಕೊಳ್ಳಿ, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಮೈ ಪೂರ್ತಿ ನೋಡ್ಕೊಳ್ಳಿ. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಮಳೆಗಾಲದ ಜ್ವರ ಬೇರೆ, ಅಲ್ಲಿ ಇಲಿ ಜ್ವರದ ಅನುಮಾನ ಇಟ್ಕೊಬೇಕು, ಕಾಲಲ್ಲಿ ಗಾಯ ಇಟ್ಕೊಂಡು ಗದ್ದೆ ಹಳ್ಳಕ್ಕೆ ಇಳಿದೋರಿಗೆ ಬರುತ್ತೆ. ಯಾವ ಜ್ವರ ಆದ್ರೂ ಎರಡನೇ ದಿನಕ್ಕೆ ಡಾಕ್ಟರ್ ಹತ್ರ ಹೋಗಿ, ಮಾತ್ರೆ ನುಂಗಿ ವಾರ ಕಾಯೋದು ಬೇಡ, ನಾಲ್ಕನೇ ದಿನ ದಾರಿ ಇರುತ್ತೋ ಇಲ್ವೋ.

ದಿನಾ ಮಾತ್ರೆ ತಗೊಳ್ಳೋರು ಜೂನ್ ಒಂದಕ್ಕೆ ಮೂರು ತಿಂಗಳಿಂದು ತಂದಿಟ್ಕೊಳ್ಳಿ. ಇನ್ಸುಲಿನ್ ಇಡಬೇಕು ಅಂತಾದ್ರೆ ಫ್ರಿಜ್ ಬೇಡ ಅಂದಿದ್ದ ಮಾತು ಬಿಟ್ಬಿಡಿ, ಅದಕ್ಕೋಸ್ಕರನೇ ಒಂದು ಸಣ್ಣ ಫ್ರಿಜ್ಜು, ಅದಕ್ಕೆ ಬೇರೆ ಬ್ಯಾಟರಿ. ಡಯಾಲಿಸಿಸ್ ಮಾಡಿಸ್ಕೊಳ್ಳೋರು, ಹೃದಯದ ತೊಂದ್ರೆ ಇರೋರು ಮಳೆಗಾಲಕ್ಕೆ ಇಲ್ಲಿ ಇರಬಾರದು, ಎಷ್ಟೇ ಆಸೆ ಇದ್ರೂ. ಮನೇಲಿ ಬಸುರಿ ಇದ್ದು ದಿನ ತುಂಬೋದು ಜುಲೈ ಆಗಸ್ಟಲ್ಲಿ ಬಂದ್ರೆ ಮೇ ಕೊನೆಗೇ ಪೇಟೆಯ ನೆಂಟರ ಮನೆಗೆ ಕಳಿಸಿ, ಇಲ್ಲ ಆಸ್ಪತ್ರೆ ಹತ್ರ ಒಂದು ರೂಮ್ ಮಾಡಿ, ಹಳ್ಳ ಇಳಿದ ಮೇಲೆ ಮಗು ಎತ್ಕೊಂಡು ಬಂದ್ರಾಯ್ತು.